ಕೈರೋದ ಈಜಿಪ್ಷಿಯನ್ ವಸ್ತುಸಂಗ್ರಹಾಲಯದಲ್ಲಿ ಒಂದು ಪಾಠ ವೀಕ್ಷಣೆ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಜಗತ್ತಿನ ಪ್ರಾಚೀನ ನಾಗರಿಕತೆಗಳ ಪಾಠ ಬರುತ್ತದೆ. ಬೋಧನಾಭ್ಯಾಸದ ಅವಧಿಯಲ್ಲಿ ಈಜಿಪ್ಟಿನ ಭಾಗವನ್ನೇ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಕಾರಣ ಸರಳ. ಪಿರಮಿಡ್ಡಿನ ಚಿತ್ರಪಟ ಸುಲಭವಾಗಿ ಸಿಗುತ್ತದೆ, ಮಮ್ಮಿ ಎಂದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಆದರೆ ನಾನು ವೀಕ್ಷಿಸಿದ ಇಂಥ ಪಾಠಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿಯುತ್ತವೆ. ಚಿತ್ರಪಟ ಗೋಡೆಗೆ ಏರುತ್ತದೆ. ‘ಇದೇನು?’ ಎಂಬ ಪ್ರಶ್ನೆ ಬರುತ್ತದೆ. ‘ಪಿರಮಿಡ್’ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಅಲ್ಲಿಂದ ಮುಂದೆ ಆ ಚಿತ್ರದ ಕಡೆಗೆ ಶಿಕ್ಷಕರೂ ನೋಡುವುದಿಲ್ಲ, ಮಕ್ಕಳೂ ನೋಡುವುದಿಲ್ಲ. ಹೆಸರು ಸಿಕ್ಕಿದ ಮೇಲೆ ನೋಡುವ ಕೆಲಸ ಮುಗಿಯಿತು ಎಂಬಂತೆ ಪಾಠ ಸಾಗುತ್ತದೆ.

ಈ ಜಾಡನ್ನು ಬಿಟ್ಟು ನಡೆಯುವುದು ಹೇಗೆ ಎಂಬುದನ್ನು ನಾನು ಸ್ಪಷ್ಟವಾಗಿ ಕಂಡದ್ದು ತರಗತಿಯಲ್ಲಲ್ಲ, ಕೈರೋ ನಗರದ ತಹ್ರೀರ್ ಚೌಕದಲ್ಲಿರುವ ಈಜಿಪ್ಷಿಯನ್ ವಸ್ತುಸಂಗ್ರಹಾಲಯದಲ್ಲಿ. ಬೆಂಗಳೂರಿನಿಂದ ಹೊರಟ ಹದಿನಾಲ್ಕು ಜನರ ಪ್ರವಾಸಿ ತಂಡದಲ್ಲಿ ನಾನೂ ಇದ್ದೆ. ಪ್ರೌಢಶಾಲೆಯಲ್ಲಿ ಓದುವ ಒಬ್ಬ ಹುಡುಗಿ, ಆಕೆಯ ಕಿರಿಯ ತಮ್ಮ, ಉಳಿದವರೆಲ್ಲ ಹಿರಿಯರು. ಮಾರ್ಗದರ್ಶಿಯಾಗಿ ಬಂದವರು ಈಜಿಪ್ಟಿನ ಪುರಾತತ್ವವನ್ನೇ ಓದಿದ್ದ ಸ್ಥಳೀಯ ಮಹಿಳೆ. ಅವರು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಪಾಠ ವೀಕ್ಷಣೆಯ ಅಭ್ಯಾಸ ನನ್ನನ್ನು ಬಿಡದ ಕಾರಣ ಅವರ ಎರಡು ಗಂಟೆಯ ಸಂಚಾರವನ್ನು ಟಿಪ್ಪಣಿ ಮಾಡಿಕೊಂಡೆ. ಆ ಟಿಪ್ಪಣಿಗಳಿಂದ ನಮ್ಮ ಬೋಧನಾಭ್ಯಾಸಕ್ಕೆ ಒದಗುವ ಅಂಶಗಳನ್ನು ಇಲ್ಲಿ ವಿವರಿಸುತ್ತೇನೆ.

ವಿಷಯಾಂಶದ ಆಯ್ಕೆ

ಈ ಸಂಗ್ರಹಾಲಯದ ಕಟ್ಟಡ 1902ರಲ್ಲಿ ತೆರೆಯಿತು. ಒಂದು ಕಾಲಕ್ಕೆ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳಿದ್ದವು. ಅನೇಕ ವಸ್ತುಗಳು ಈಗ ಗೀಜಾದ ಪಿರಮಿಡ್ಡುಗಳ ಬಳಿ ಕಟ್ಟಿರುವ ಹೊಸ ಸಂಗ್ರಹಾಲಯಕ್ಕೆ ಹೋಗಿವೆ. ಆದರೂ ಉಳಿದಿರುವುದು ಒಬ್ಬ ಮನುಷ್ಯ ನೋಡಿ ಮುಗಿಸುವಂಥದ್ದಲ್ಲ. ಒಂದು ಲಕ್ಷ ವಸ್ತುಗಳನ್ನು ತಲಾ ಒಂದು ನಿಮಿಷದಂತೆ ನೋಡಿದರೂ ಹಗಲು ರಾತ್ರಿ ಸೇರಿ ಸುಮಾರು ಎಪ್ಪತ್ತು ದಿನ ಬೇಕು.

ನಮ್ಮ ಮಾರ್ಗದರ್ಶಿ ಬಾಗಿಲಲ್ಲೇ ಹೇಳಿದರು: “ನಾವು ಐದು ಕಡೆ ಮಾತ್ರ ನಿಲ್ಲುತ್ತೇವೆ.” ತಂಡದ ಕೆಲವರಿಗೆ ಇದು ಹಿಡಿಸಲಿಲ್ಲ. ಇಷ್ಟು ದೂರ ಬಂದು ಐದೇ ವಸ್ತು ನೋಡುವುದೇ ಎಂಬ ಗೊಣಗಾಟ ನನ್ನ ಹಿಂದೆಯೇ ಕೇಳಿಸಿತು. ನಮ್ಮ ಶಾಲಾ ಪ್ರವಾಸಗಳಲ್ಲಿಯೂ ಇದೇ ಒತ್ತಡ ಇರುತ್ತದೆ. ಒಂದೇ ದಿನದಲ್ಲಿ ಮೂರು ಊರು, ಎರಡು ದೇವಸ್ಥಾನ, ಒಂದು ಅಣೆಕಟ್ಟು ಮುಗಿಸಿ ಬರುತ್ತೇವೆ. ಬಂದ ಮೇಲೆ ವರದಿ ಬರೆಯಿರಿ ಎಂದರೆ ಮಕ್ಕಳು ಬಸ್ಸು ಹೊರಟ ಸಮಯ, ತಿಂಡಿ ತಿಂದ ಜಾಗ ಬರೆಯುತ್ತಾರೆ. ಅವರಿಗೆ ನೋಡಲು ನಾವು ಕೊಟ್ಟ ಸಮಯಕ್ಕೆ ಆ ವರದಿ ಸರಿಯಾಗಿಯೇ ಇರುತ್ತದೆ.

ಮೊದಲ ನಿಲುಗಡೆ: ನಾರ್ಮೆರ್ ಫಲಕ

ಒಳಗೆ ಹೋದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುವ, ಹಸಿರು ಛಾಯೆಯ ಬೂದು ಕಲ್ಲಿನ ಫಲಕ. ಎತ್ತರ ಸುಮಾರು 64 ಸೆಂಟಿಮೀಟರ್. ಎರಡೂ ಮುಖಗಳಲ್ಲಿ ಉಬ್ಬು ಕೆತ್ತನೆ. ಮಾರ್ಗದರ್ಶಿ ಅದರ ಹೆಸರು ಹೇಳಲಿಲ್ಲ. “ಒಂದು ನಿಮಿಷ ಯಾರೂ ಮಾತಾಡಬೇಡಿ. ಸುತ್ತಲೂ ನಡೆದು ನೋಡಿ. ಎರಡು ಮುಖಗಳಲ್ಲಿ ಒಂದೇ ಆಗಿರುವುದು ಯಾವುದು, ಬೇರೆಯಾಗಿರುವುದು ಯಾವುದು ಹುಡುಕಿ” ಎಂದರು. ನಿಜವಾಗಿಯೂ ಒಂದು ನಿಮಿಷ ಕೈಗಡಿಯಾರ ನೋಡುತ್ತ ನಿಂತರು.

ಉತ್ತರಗಳು ಒಂದೊಂದಾಗಿ ಬಂದವು. ಎರಡೂ ಕಡೆ ಒಬ್ಬ ದೊಡ್ಡ ಮನುಷ್ಯ ಇದ್ದಾನೆ, ಉಳಿದವರೆಲ್ಲ ಚಿಕ್ಕವರು. ಒಂದು ಕಡೆ ಅವನು ಗದೆ ಎತ್ತಿ, ಮಂಡಿಯೂರಿದವನ ಜುಟ್ಟು ಹಿಡಿದಿದ್ದಾನೆ. ಇನ್ನೊಂದು ಕಡೆ ಮೆರವಣಿಗೆಯಲ್ಲಿ ನಡೆಯುತ್ತಿದ್ದಾನೆ, ಅವನ ಮುಂದೆ ತಲೆ ಕಡಿದ ದೇಹಗಳ ಸಾಲು. ಅವನ ಪಾದರಕ್ಷೆ ಹಿಡಿದುಕೊಂಡ ಒಬ್ಬ ಆಳು ಹಿಂದೆ ಇದ್ದಾನೆ. ಕಿರೀಟವನ್ನು ಗಮನಿಸಿದ್ದು ಆ ಹುಡುಗಿ: “ಎರಡು ಕಡೆಯೂ ಟೋಪಿ ಬೇರೆ ಬೇರೆ.”

ಅಲ್ಲಿಂದ ಪಾಠ ಬೆಳೆಯಿತು. ಎತ್ತರದ ಕಿರೀಟ ದಕ್ಷಿಣದ, ಅಂದರೆ ಮೇಲಣ ಈಜಿಪ್ಟಿನ ಬಿಳಿ ಕಿರೀಟ. ಇನ್ನೊಂದು ನೈಲ್ ನದಿಯ ಮುಖಜ ಭೂಮಿಯ, ಅಂದರೆ ಕೆಳಗಣ ಈಜಿಪ್ಟಿನ ಕೆಂಪು ಕಿರೀಟ. ಒಬ್ಬನೇ ಎರಡನ್ನೂ ಧರಿಸಿದ್ದಾನೆ ಎಂದರೆ ಏನು ಹೇಳುತ್ತಿರಬಹುದು? ಎರಡು ರಾಜ್ಯಗಳು ಒಂದಾದ ಕಥೆಯೇ ಎಂಬ ಊಹೆಗೆ ತಂಡ ತಾನಾಗಿ ಬಂತು. ಆಗ ಮಾತ್ರ ಅವರು ಹೆಸರು, ಕಾಲ, ಸ್ಥಳ ಹೇಳಿದರು. ನಾರ್ಮೆರ್ ದೊರೆ, ಕ್ರಿ.ಪೂ. ಸುಮಾರು 3100, ಹಿಯೆರಾಕಾನ್‌ಪೊಲಿಸ್ ಎಂಬಲ್ಲಿ 1897–98ರ ಉತ್ಖನನದಲ್ಲಿ ಕ್ವಿಬೆಲ್ ಮತ್ತು ಗ್ರೀನ್ ಎಂಬವರಿಗೆ ಸಿಕ್ಕಿದ್ದು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇದು ನಡೆದ ಯುದ್ಧದ ವರದಿಯೋ, ರಾಜನ ಶಕ್ತಿಯನ್ನು ಸಾರುವ ಸಂಕೇತವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ.

ಮೆರವಣಿಗೆಯ ಮುಖದ ನಡುವೆ ಉದ್ದ ಕತ್ತಿನ ಎರಡು ಮೃಗಗಳು ಕತ್ತು ಹೆಣೆದುಕೊಂಡು ಒಂದು ವೃತ್ತ ಮಾಡಿವೆ. ಆ ತಗ್ಗು ಏಕೆ? ಇಂಥ ಫಲಕಗಳು ಮೂಲತಃ ಕಣ್ಣಿಗೆ ಹಚ್ಚುವ ಬಣ್ಣ ಅರೆಯುವ ಕಲ್ಲುಗಳು, ತಗ್ಗು ಇರುವುದು ಅರೆಯುವುದಕ್ಕೆ. ನಮ್ಮ ತಂಡದ ಒಬ್ಬ ಹಿರಿಯ ಮಹಿಳೆ “ಕಾಡಿಗೆ ಕಲ್ಲು ಅನ್ನಿ” ಎಂದರು. ಐದು ಸಾವಿರ ವರ್ಷದ ವಸ್ತು ಆ ಮಾತಿನಿಂದ ಎಲ್ಲರಿಗೂ ಹತ್ತಿರವಾಯಿತು. ಮೂಲದಲ್ಲಿ ದಿನಬಳಕೆಯ ಕಲ್ಲು, ಅದರ ದೊಡ್ಡ ಅಲಂಕೃತ ರೂಪ ದೇವಾಲಯಕ್ಕೆ ಅರ್ಪಿಸುವ ಕಾಣಿಕೆ.

ಹೆಸರನ್ನು ಓದಿದ ಬಗೆಯೂ ಒಂದು ಪಾಠ. ಫಲಕದ ಮೇಲ್ಭಾಗದಲ್ಲಿ ಒಂದು ಮೀನು, ಅದರ ಕೆಳಗೆ ಒಂದು ಉಳಿ. ಬೆಕ್ಕುಮೀಸೆಯ ಆ ಮೀನಿಗೆ ‘ನರ್’, ಉಳಿಗೆ ‘ಮೆರ್’. ಎರಡನ್ನೂ ಕೂಡಿಸಿದರೆ ದೊರೆಯ ಹೆಸರು. ಚಿತ್ರ ತನ್ನ ಅರ್ಥವನ್ನು ಬಿಟ್ಟು ಧ್ವನಿಯನ್ನು ಮಾತ್ರ ಕೊಡುವುದು ಲಿಪಿಯ ಹುಟ್ಟಿನಲ್ಲಿ ಬಹು ದೊಡ್ಡ ಹೆಜ್ಜೆ. ಇದನ್ನು ನಮ್ಮ ತರಗತಿಯಲ್ಲಿ ಐದು ನಿಮಿಷದಲ್ಲಿ ಮಾಡಿ ತೋರಿಸಬಹುದು. ಕಪ್ಪುಹಲಗೆಯ ಮೇಲೆ ಒಂದು ಆನೆ, ಒಂದು ಕಲ್ಲು ಬರೆಯಿರಿ. ಮಕ್ಕಳು ‘ಆನೇಕಲ್’ ಎಂದು ಓದುತ್ತಾರೆ. ಊರಿನಲ್ಲಿ ಆನೆಯಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಚಿತ್ರಲಿಪಿ’ ಎಂಬ ಪದವನ್ನು ವಿವರಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ತೋರುವುದಿಲ್ಲ.

ಎರಡನೆಯದು: ಊರ ಗೌಡ

ಎರಡನೆಯ ನಿಲುಗಡೆ ಒಂದು ಮರದ ಪ್ರತಿಮೆ. ದುಂಡು ಮುಖ, ತುಸು ಹೊಟ್ಟೆ, ಕೈಯಲ್ಲಿ ಕೋಲು, ಹೊಳೆಯುವ ಕಣ್ಣುಗಳು. ಎತ್ತರ 112 ಸೆಂಟಿಮೀಟರ್. “ಈತ ನಿಮ್ಮ ಊರಿನವನಾಗಿದ್ದರೆ ಯಾವ ಕೆಲಸದಲ್ಲಿರುತ್ತಿದ್ದ?” ಎಂಬುದು ಅವರ ಪ್ರಶ್ನೆ. ಹೋಟೆಲ್ ಮಾಲೀಕ, ಪಟೇಲ, ಮುಖ್ಯೋಪಾಧ್ಯಾಯ ಎಂದೆಲ್ಲ ಉತ್ತರಗಳು ಬಂದವು. ನಗು ಮುಗಿದ ಮೇಲೆ ಅವರು ಪ್ರತಿಮೆಯ ಕಥೆ ಹೇಳಿದರು. 1860ರಲ್ಲಿ ಮರಿಯೆಟ್ ಎಂಬ ಫ್ರೆಂಚ್ ವಿದ್ವಾಂಸನ ಕೆಲಸಗಾರರು ಸಕ್ಕಾರಾದಲ್ಲಿ ಇದನ್ನು ಹೊರತೆಗೆದಾಗ ಅವರಿಗೆ ತಮ್ಮ ಊರಿನ ಮುಖ್ಯಸ್ಥನೇ ಎದ್ದು ಬಂದಂತೆ ಕಂಡಿತಂತೆ. ಅದಕ್ಕೇ ‘ಶೇಖ್ ಎಲ್ ಬಲದ್’, ಅಂದರೆ ಊರ ಗೌಡ ಎಂದು ಕರೆದರು. ನಿಜವಾದ ಹೆಸರು ಕಾ-ಅಪೆರ್. ನಾಲ್ಕು ಸಾವಿರದ ನಾನ್ನೂರು ವರ್ಷಗಳಿಗೂ ಹಿಂದಿನ ಒಬ್ಬ ಅಧಿಕಾರಿ. ಆದರೆ ಅಗೆದವರು ಕೊಟ್ಟ ಹೆಸರೇ ಇಂದಿಗೂ ನಿಂತಿದೆ.

ಪೂರ್ವಜ್ಞಾನ ಎಂಬ ಮಾತನ್ನು ನಾವು ಪಾಠ ಯೋಜನೆಯ ಎರಡನೇ ಸಾಲಿನಲ್ಲಿ ಬರೆದು ಮರೆಯುತ್ತೇವೆ. ‘ವಿದ್ಯಾರ್ಥಿಗಳಿಗೆ ನದಿಗಳ ಬಗ್ಗೆ ತಿಳಿದಿದೆ’ ಎಂದು ಬರೆದರೆ ಅಂಕಣ ತುಂಬುತ್ತದೆ. ಇಲ್ಲಿ ಪೂರ್ವಜ್ಞಾನ ಕೆಲಸಕ್ಕೆ ಬಂತು. ನಮ್ಮ ಊರಿನ ಮುಖಗಳನ್ನು ನೋಡಿ ಬಲ್ಲ ಕಣ್ಣಿನಿಂದಲೇ ನಾವು ಆ ಪ್ರತಿಮೆಯನ್ನು ನೋಡಿದೆವು.

ಮೂರನೆಯದು: ಸೀಮೆಸುಣ್ಣದಷ್ಟು ಎತ್ತರದ ದೊರೆ

ಮೂರನೆಯ ವಸ್ತುವಿನ ಮುಂದೆ ಅನೇಕರು ಅದನ್ನು ಕಾಣದೆ ಮುಂದೆ ಹೋಗುತ್ತಿದ್ದರು. ಸಿಂಹಾಸನದ ಮೇಲೆ ಕುಳಿತ ದಂತದ ಒಂದು ಪುಟ್ಟ ಪ್ರತಿಮೆ, ಎತ್ತರ 7.5 ಸೆಂಟಿಮೀಟರ್. ಹೆಚ್ಚು ಕಡಿಮೆ ಹೊಸ ಸೀಮೆಸುಣ್ಣದ ಕಡ್ಡಿಯಷ್ಟು. ಇದು ಗೀಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಖುಫು. ಆ ಪಿರಮಿಡ್ಡಿನ ಮೂಲ ಎತ್ತರ ಸುಮಾರು 146 ಮೀಟರ್. 1903ರಲ್ಲಿ ಅಬಿಡೋಸ್‌ನಲ್ಲಿ ಫ್ಲಿಂಡರ್ಸ್ ಪೆಟ್ರಿಯ ತಂಡಕ್ಕೆ ಮೊದಲು ಸಿಕ್ಕಿದ್ದು ತಲೆಯಿಲ್ಲದ ಪ್ರತಿಮೆ. ಸಿಂಹಾಸನದ ಮೇಲೆ ಖುಫುವಿನ ಹೆಸರು ಇರುವುದನ್ನೂ, ಮುರಿತ ಹೊಸದು ಎಂಬುದನ್ನೂ ಕಂಡ ಪೆಟ್ರಿ, ಅಗೆದು ಹಾಕಿದ ಮಣ್ಣನ್ನೆಲ್ಲ ವಾರಗಟ್ಟಲೆ ಜರಡಿ ಹಿಡಿಸಿದರು. ಕೊನೆಗೆ ತಲೆ ಸಿಕ್ಕಿತು. ಇತಿಹಾಸಕಾರನ ತಾಳ್ಮೆ ಎಂದರೆ ಏನು ಎಂದು ಕೇಳುವ ಮಕ್ಕಳಿಗೆ ಈ ಜರಡಿಯ ಕಥೆ ಸಾಕು.

ಇಲ್ಲಿಯೇ ಆ ಹುಡುಗಿ ಕೇಳಿದಳು: “ಪಿರಮಿಡ್ ಕಟ್ಟಿದ್ದು ಗುಲಾಮರು ಅಲ್ವಾ ಮೇಡಂ?” ಹೆಚ್ಚಿನ ಶಿಕ್ಷಕರು ಇಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂದು ಮುಗಿಸುತ್ತಾರೆ. ಮಾರ್ಗದರ್ಶಿ ಉತ್ತರದ ಬದಲು ಆಧಾರ ಕೊಟ್ಟರು. 1990ರ ದಶಕದಿಂದ ಗೀಜಾದಲ್ಲಿ ನಡೆದ ಉತ್ಖನನಗಳಲ್ಲಿ ಕೆಲಸಗಾರರ ವಸತಿಗಳು, ರೊಟ್ಟಿ ಸುಡುವ ಜಾಗಗಳು, ಅವರದೇ ಸಮಾಧಿಗಳು ಸಿಕ್ಕಿವೆ. ಮುರಿದು, ಮತ್ತೆ ಕೂಡಿಕೊಂಡ ಮೂಳೆಗಳೂ ಅಲ್ಲಿವೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ತಂಡ ತುರಾದ ಗಣಿಯಿಂದ ಗೀಜಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ದಿನದಿನದ ಲೆಕ್ಕ ಇದೆ. 2016ರಲ್ಲಿ ಅವು ಇದೇ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಇಷ್ಟು ಹೇಳಿ ಅವರು ಕೇಳಿದರು: “ಸತ್ತವನಿಗೆ ರಾಜನ ಪಿರಮಿಡ್ಡಿನ ಹತ್ತಿರವೇ ಸಮಾಧಿ, ಗಾಯಗೊಂಡವನಿಗೆ ಆರೈಕೆ. ಈಗ ನಿನಗೇನನ್ನಿಸುತ್ತದೆ?” ಹುಡುಗಿ ತುಸು ಹೊತ್ತು ಯೋಚಿಸಿ, “ಗುಲಾಮರಲ್ಲ. ಆದರೆ ಬರಲ್ಲ ಅಂದರೆ ಬಿಡ್ತಿದ್ರಾ?” ಎಂದಳು. ಬಲವಂತದ ದುಡಿಮೆ, ಬಿಟ್ಟಿ ಚಾಕರಿ, ಕೂಲಿ, ಭಕ್ತಿ ಇವುಗಳ ನಡುವಣ ವ್ಯತ್ಯಾಸಕ್ಕೆ ಆ ಪ್ರಶ್ನೆ ಬಾಗಿಲು ತೆರೆಯಿತು.

ಆ ತುಸು ಹೊತ್ತನ್ನು ಗಮನಿಸಬೇಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳ ಉದ್ದವೂ ಗುಣವೂ ಹೆಚ್ಚುತ್ತದೆ ಎಂದು ಮೇರಿ ಬಡ್ ರೋವ್ 1970ರ ದಶಕದಲ್ಲಿಯೇ ತೋರಿಸಿದರು. ನಾವು ಇದನ್ನು ಸೂಕ್ಷ್ಮ ಬೋಧನೆಯಲ್ಲಿ ಕಲಿಸುತ್ತೇವೆ. ನಿಜವಾದ ತರಗತಿಯಲ್ಲಿ ಆ ಮೂರು ಸೆಕೆಂಡಿನ ಮೌನಕ್ಕೆ ಪ್ರಶಿಕ್ಷಣಾರ್ಥಿ ಹೆದರುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರು ಮೌನವನ್ನು ತಡವರಿಕೆ ಎಂದು ಬರೆದುಕೊಳ್ಳುತ್ತಾರೆ ಎಂಬುದು ಆ ಹೆದರಿಕೆಗೆ ಒಂದು ಕಾರಣ.

ನಾಲ್ಕನೆಯದು: ಮೆಕೆತ್ರೆಯ ಮನೆಯ ಕೆಲಸಗಾರರು

ಮೇಲಿನ ಮಹಡಿಯಲ್ಲಿ ಮರದ ಗೊಂಬೆಗಳ ಒಂದು ಕೋಣೆ ಇದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮೆಕೆತ್ರೆ ಎಂಬ ಉನ್ನತ ಅಧಿಕಾರಿಯ ಸಮಾಧಿಯಿಂದ ಬಂದವು. 1920ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಪರವಾಗಿ ಅಗೆಯುತ್ತಿದ್ದ ಹರ್ಬರ್ಟ್ ವಿನ್‌ಲಾಕ್ ಅವರಿಗೆ ಸಿಕ್ಕವು. ದನಗಳ ಎಣಿಕೆ ನಡೆಯುತ್ತಿದೆ, ಮಾಲೀಕ ಚಾವಡಿಯಲ್ಲಿ ಕುಳಿತಿದ್ದಾನೆ, ಲೆಕ್ಕಿಗರು ಬರೆದುಕೊಳ್ಳುತ್ತಿದ್ದಾರೆ. ಹೆಂಗಸರು ನೂಲು ತೆಗೆದು ನೆಲದ ಮಗ್ಗದಲ್ಲಿ ನೇಯುತ್ತಿದ್ದಾರೆ. ಬಡಗಿಗಳು ಹಲಗೆ ಕೊಯ್ಯುತ್ತಿದ್ದಾರೆ. ಎರಡು ದೋಣಿಗಳ ನಡುವೆ ಮೀನಿನ ಬಲೆ.

ಇಲ್ಲಿ ಮಾರ್ಗದರ್ಶಿ ಇಬ್ಬಿಬ್ಬರ ಜೋಡಿ ಮಾಡಿದರು. ಪ್ರತಿ ಜೋಡಿ ಒಂದು ಮಾದರಿಯನ್ನು ಆರಿಸಿ, ಅದರಲ್ಲಿರುವ ಒಬ್ಬ ಕೆಲಸಗಾರನ ಒಂದು ದಿನವನ್ನು ಹೇಳಬೇಕು. ಆದರೆ ಕಣ್ಣಿಗೆ ಕಾಣದ ಯಾವುದನ್ನೂ ಸೇರಿಸುವಂತಿಲ್ಲ. ದನ ಎಣಿಸುವ ಜಾಗದಲ್ಲಿ ಒಬ್ಬರು ‘ತೆರಿಗೆ’ ಎಂದರು. “ಅದು ಇಲ್ಲಿ ಎಲ್ಲಿ ಕಾಣುತ್ತದೆ?” ಎಂದು ಕೇಳಿ, ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಗೆರೆ ಎಳೆದರು.

ಕಣಜ, ರೊಟ್ಟಿ ಸುಡುವ ಮನೆ, ದನದ ಕೊಟ್ಟಿಗೆ ಎಲ್ಲಿ ಎಂದು ಯಾರೋ ಕೇಳಿದಾಗ ಅವರು ಹೇಳಿದರು: “ನ್ಯೂಯಾರ್ಕಿನಲ್ಲಿ.” ಆ ಕಾಲದ ನಿಯಮದಂತೆ ಅಗೆದವರಿಗೂ ಈಜಿಪ್ಟಿಗೂ ನಡುವೆ ಪಾಲು ಆಯಿತು. ಒಂದೇ ಮನೆಯ ಕೆಲಸಗಾರರು ಎರಡು ಖಂಡಗಳಲ್ಲಿ ಹಂಚಿಹೋದರು. ಅವರು ಇದನ್ನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಹೇಳದೆಯೂ ಬಿಡಲಿಲ್ಲ. ವಸ್ತು ಏನು ಎಂಬುದರ ಜೊತೆಗೆ ಅದು ಇಲ್ಲಿಗೆ ಹೇಗೆ ಬಂತು ಎಂಬುದೂ ಇತಿಹಾಸದ ಪ್ರಶ್ನೆಯೇ.

ಐದನೆಯದು: ಇಲ್ಲಿ ಹೆಸರು ಮೊದಲು

ಮೆಟ್ಟಿಲು ಹತ್ತುವಾಗಿನಿಂದಲೂ ಹುಡುಗ ಕೇಳುತ್ತಲೇ ಇದ್ದ: “ಮಮ್ಮಿ ಎಲ್ಲಿದೆ?” ರಾಜರ ಮಮ್ಮಿಗಳು ಈಗ ಈ ಕಟ್ಟಡದಲ್ಲಿಲ್ಲ. 2021ರ ಏಪ್ರಿಲ್ 3ರಂದು ಹದಿನೆಂಟು ದೊರೆಗಳು, ನಾಲ್ವರು ರಾಣಿಯರು, ಒಟ್ಟು 22 ಮಮ್ಮಿಗಳನ್ನು ಮೆರವಣಿಗೆಯಲ್ಲಿ ಫುಸ್ತಾತ್‌ನ ರಾಷ್ಟ್ರೀಯ ನಾಗರಿಕತೆಯ ಸಂಗ್ರಹಾಲಯಕ್ಕೆ ಕರೆದೊಯ್ಯಲಾಯಿತು.

ಮಾರ್ಗದರ್ಶಿ ನಮ್ಮನ್ನು ನಿಲ್ಲಿಸಿದ್ದು 1905ರಲ್ಲಿ ಸಿಕ್ಕ ಒಂದು ಸಮಾಧಿಯ ಚಿನ್ನದ ತಗಡಿನ ಶವಪೆಟ್ಟಿಗೆಯ ಮುಂದೆ. ಅಲ್ಲಿ ಅವರು ತಮ್ಮ ಕ್ರಮವನ್ನೇ ತಿರುಗಿಸಿದರು. ‘ನೋಡಿ’ ಎನ್ನಲಿಲ್ಲ. ಮೊದಲು ಹೆಸರು ಹೇಳಿದರು: “ಇವರು ಥುಯಾ. ಇವರ ಗಂಡ ಯುಯಾ. ರಾಣಿ ತಿಯೆ ಇವರ ಮಗಳು. ಅಖೆನಾತೆನ್ ದೊರೆ ಇವರ ಮೊಮ್ಮಗ.” ಸತ್ತವರ ಹೆಸರನ್ನು ಬಾಯಿಂದ ಹೇಳಿದರೆ ಅವರು ಬದುಕುತ್ತಾರೆ ಎಂಬುದು ಪ್ರಾಚೀನ ಈಜಿಪ್ಟಿನವರ ನಂಬಿಕೆಯಾಗಿತ್ತು ಎಂದು ವಿವರಿಸಿ, ಅನಂತರವೇ ನೋಡಲು ಬಿಟ್ಟರು. ಮಮ್ಮಿಗಳ ಪ್ರದರ್ಶನ ಸತ್ತವರಿಗೆ ತೋರುವ ಅಗೌರವ ಎಂದು 1980ರಲ್ಲಿ ಅಧ್ಯಕ್ಷ ಸಾದತ್ ಇಲ್ಲಿನ ಮಮ್ಮಿ ಕೋಣೆಯನ್ನು ಮುಚ್ಚಿಸಿದ್ದು, ಅದು ಮತ್ತೆ ತೆರೆದದ್ದು 1994ರಲ್ಲಿ ಎಂಬುದನ್ನೂ ಹೇಳಿದರು.

ಸ್ವಲ್ಪ ಹೊತ್ತಿನ ನಂತರ ಅದೇ ಹುಡುಗ ಅಕ್ಕನ ಕೈ ಎಳೆದು ಕೇಳಿದ: “ಅವರ ಗಂಡ ಎಲ್ಲಿದ್ದಾರೆ?”

‘ಎಲ್ಲಿದೆ’ ಎಂಬುದು ‘ಎಲ್ಲಿದ್ದಾರೆ’ ಎಂದಾದದ್ದನ್ನು ಯಾರೂ ತಿದ್ದಿ ಹೇಳಿಕೊಟ್ಟಿರಲಿಲ್ಲ. ಮಾರ್ಗದರ್ಶಿಗೆ ಕನ್ನಡ ಬಾರದ ಕಾರಣ ತಮ್ಮ ಪಾಠದ ಅತ್ಯುತ್ತಮ ಫಲ ಅವರಿಗೆ ತಿಳಿಯಲೇ ಇಲ್ಲ. ನನ್ನ ಟಿಪ್ಪಣಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ವಸ್ತುವಿನ ಮುಂದೆ ನೋಟ ಮೊದಲು, ಹೆಸರು ಆಮೇಲೆ. ಹೆಸರು ಬೇಗ ಬಂದರೆ ಕಣ್ಣು ಮುಚ್ಚುತ್ತದೆ. ಮನುಷ್ಯರ ಮುಂದೆ ಹೆಸರು ಮೊದಲು, ನೋಟ ಆಮೇಲೆ. ಹೆಸರಿಲ್ಲದೆ ನೋಡಿದರೆ ಮನುಷ್ಯರೂ ವಸ್ತುವಾಗುತ್ತಾರೆ. ಎರಡಕ್ಕೂ ಒಂದೇ ಬೋಧನಾ ಕ್ರಮ ಸಲ್ಲದು.

ಕೊರತೆ

ಮೆಚ್ಚುಗೆಯ ಜೊತೆಗೆ ಕೊರತೆಯನ್ನೂ ದಾಖಲಿಸುವುದು ವೀಕ್ಷಕರ ಕರ್ತವ್ಯ. ಜೋಡಿ ಚಟುವಟಿಕೆಯೊಂದನ್ನು ಬಿಟ್ಟರೆ ಪ್ರತಿ ಉತ್ತರವೂ ಮಾರ್ಗದರ್ಶಿಯ ಮೂಲಕವೇ ಹಾದುಹೋಯಿತು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸುವ ಅವಕಾಶ ಕಡಿಮೆ. ಹಿಂದೆ ನಿಂತ ವಯಸ್ಸಾದವರಿಗೆ ಖುಫುವಿನ ಪ್ರತಿಮೆ ಸರಿಯಾಗಿ ಕಾಣಲಿಲ್ಲ. ಅವರನ್ನು ಮೊದಲು ಮುಂದೆ ಕರೆಯಬಹುದಿತ್ತು. ಕೊನೆಯಲ್ಲಿ ಕಲಿತದ್ದನ್ನು ಒಟ್ಟುಗೂಡಿಸುವ ಹಂತ ಇರಲಿಲ್ಲ, ನೇರವಾಗಿ ಬಸ್ಸಿಗೆ ನಡೆದೆವು.

ನಮ್ಮ ಬೋಧನಾಭ್ಯಾಸಕ್ಕೆ

ಕೈರೋ ನಮ್ಮ ಮಕ್ಕಳಿಗೆ ದೂರ. ಆದರೆ ಈ ಪಾಠದ ಕ್ರಮ ದೂರವಲ್ಲ. ಈಜಿಪ್ಟಿನ ಮಮ್ಮಿಗಳು ಕೋಲ್ಕತ್ತದ ಭಾರತೀಯ ವಸ್ತುಸಂಗ್ರಹಾಲಯ, ಜೈಪುರದ ಆಲ್ಬರ್ಟ್ ಹಾಲ್ ಮತ್ತು ಹೈದರಾಬಾದಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಬೀದರ್, ಕಲಬುರಗಿ ಭಾಗದ ಶಾಲೆಗಳು ಹೈದರಾಬಾದಿನ ಭೇಟಿಯನ್ನು ಯೋಜಿಸಬಹುದು. ಅದೂ ಆಗದಿದ್ದರೆ ತರಗತಿಯಲ್ಲಿಯೇ ಈ ಹಂತಗಳನ್ನು ಅನುಸರಿಸಬಹುದು.

ಮೊದಲನೆಯದಾಗಿ, ಒಂದು ಅವಧಿಗೆ ಒಂದು ವಸ್ತು ಸಾಕು. ನಾರ್ಮೆರ್ ಫಲಕದ ಎರಡೂ ಮುಖಗಳ ಚಿತ್ರವನ್ನು ಗುಂಪಿಗೊಂದರಂತೆ ಕೊಡಿ. ನಿಜವಾದ ಅಳತೆ ತಿಳಿಯಲು 30 ಸೆಂಟಿಮೀಟರಿನ ಎರಡು ಅಡಿಪಟ್ಟಿಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲೆ ಎರಡು ಬೆರಳು ಇಡಿ. ಖುಫುವಿಗೆ ಕೈಯಲ್ಲಿರುವ ಸೀಮೆಸುಣ್ಣವೇ ಅಳತೆ.

ಎರಡನೆಯದಾಗಿ, ಹೆಸರು ಹೇಳುವ ಮೊದಲು ಪೂರ್ಣ ಒಂದು ನಿಮಿಷ ಮೌನವಾಗಿ ನೋಡಲು ಬಿಡಿ. ಪಾಠ ಯೋಜನೆಯಲ್ಲಿ ಆ ನಿಮಿಷವನ್ನು ಒಂದು ಹಂತವಾಗಿಯೇ ಬರೆಯಿರಿ. ಬರೆದರೆ ವೀಕ್ಷಕರೂ ಅದನ್ನು ತಡವರಿಕೆ ಎಂದು ತಿಳಿಯುವುದಿಲ್ಲ.

ಮೂರನೆಯದಾಗಿ, ಕಪ್ಪುಹಲಗೆಯಲ್ಲಿ ಮೂರು ಅಂಕಣ ಮಾಡಿ: ಕಂಡದ್ದು, ಊಹಿಸಿದ್ದು, ಇನ್ನೂ ಕೇಳಬೇಕಾದದ್ದು. ಮಕ್ಕಳ ಪ್ರತಿ ಉತ್ತರ ಯಾವ ಅಂಕಣಕ್ಕೆ ಹೋಗಬೇಕು ಎಂಬುದನ್ನು ಅವರೇ ನಿರ್ಧರಿಸಲಿ, ಒಬ್ಬರನ್ನೊಬ್ಬರು ಪ್ರಶ್ನಿಸಲಿ. ಪಾಠದ ಕೊನೆಯ ಐದು ನಿಮಿಷ ಈ ಅಂಕಣಗಳಿಗೇ ಮೀಸಲು.

ನಾಲ್ಕನೆಯದಾಗಿ, ಮಮ್ಮಿಯ ವಿಷಯ ಬಂದಾಗ ಸಂಸ್ಕರಣೆಯ ವಿಧಾನಕ್ಕಿಂತ ಮೊದಲು ಒಬ್ಬ ವ್ಯಕ್ತಿಯ ಹೆಸರು, ಸಂಬಂಧ ಹೇಳಿ. ಹೆದರಿಸುವ ಕಥೆಗಳು, ಶಾಪದ ಕಥೆಗಳು ತರಗತಿಯನ್ನು ಗದ್ದಲದಿಂದ ತುಂಬಬಹುದು, ಅವುಗಳಿಂದ ಇತಿಹಾಸ ಕಲಿತಂತಾಗುವುದಿಲ್ಲ.

ಬೋಧಕರಾದ ನಮಗೂ ಒಂದು ಕೆಲಸವಿದೆ. ವೀಕ್ಷಣಾ ಪುಸ್ತಕದಲ್ಲಿ ಕಲಿಕೋಪಕರಣದ ಎದುರು ‘ಬಳಸಿದ್ದಾರೆ’ ಎಂದು ಗುರುತು ಹಾಕಿ ಅಂಕ ಕೊಡುವುದು ರೂಢಿ. ಮಕ್ಕಳು ಅದನ್ನು ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ನೋಡಿದ್ದನ್ನು ತಮ್ಮ ಮಾತಿನಲ್ಲಿ ಹೇಳಿದರು ಎಂಬ ಎರಡು ಸಾಲುಗಳನ್ನು ಅದರ ಕೆಳಗೆ ಸೇರಿಸೋಣ. ಮುಂದಿನ ಬೋಧನಾಭ್ಯಾಸದ ಮೊದಲ ವಾರದಿಂದಲೇ ಇದನ್ನು ಆರಂಭಿಸಬಹುದು, ಅದಕ್ಕೆ ಯಾವ ಹೊಸ ಉಪಕರಣವೂ ಬೇಕಿಲ್ಲ.